ಡೈನಮೊದಿಂದ ಬ್ಯಾಟರಿಯ ತನಕ

ಹಳೆಯ ಪಿಕಪ್ ಗಾಡಿಯ ಬ್ಯಾಟರಿ ಪದೇ ಪದೇ ಇಳಿದುಹೋಗುತ್ತಿದ್ದರೆ ತಪ್ಪು ಬ್ಯಾಟರಿಯದೇ ಆಗಿರಬೇಕಿಲ್ಲ, ಡೈನಮೊದ್ದೂ ಆಗಿರಬೇಕಿಲ್ಲ. ಇವೆರಡರ ನಡುವೆ ಒಂದು ಬೆಲ್ಟು, ನಾಲ್ಕಾರು ತಂತಿ, ಒಂದು ಕಂಟ್ರೋಲ್ ಬಾಕ್ಸ್ ಮತ್ತು ಚಾಸಿಗೆ ಬಿಗಿದ ಅರ್ಥ್ ಪಟ್ಟಿ ಇವೆ. ಬಹುಪಾಲು ದೋಷಗಳು ಈ ನಡುವಿನ ದಾರಿಯಲ್ಲೇ ಸಿಗುತ್ತವೆ. ಆದರೂ ಗಾಡಿ ಸ್ಟಾರ್ಟ್ ಆಗದ ಬೆಳಿಗ್ಗೆ ಮೊದಲು ಬದಲಾಗುವುದು ಬ್ಯಾಟರಿ. ಹೊಸ ಬ್ಯಾಟರಿಯೂ ಇಳಿದ ಮೇಲೆ ಡೈನಮೊ ಬಿಚ್ಚಿ ವೈಂಡಿಂಗ್ ಅಂಗಡಿಗೆ ಹೋಗುತ್ತದೆ. ಇಷ್ಟು ಖರ್ಚಾದ ಮೇಲೂ ದೋಷ ಇದ್ದಲ್ಲೇ ಇರುವುದುಂಟು. ಚೆನ್ನೈಯಂಥ ಕಡಲತೀರದ ಊರಿನಲ್ಲಿ, ಉಪ್ಪುಗಾಳಿ ಪ್ರತಿಯೊಂದು ಜೋಡಣೆಯನ್ನೂ ತಿನ್ನುವುದರಿಂದ, ಹುಡುಕುವ ಕ್ರಮಕ್ಕೆ ಹೆಚ್ಚು ಬೆಲೆಯಿದೆ.

ಇಂಥ ಗಾಡಿಗಳಿಗೂ ಆ ಊರಿಗೂ ಹಳೆಯ ನಂಟು. ಚೆನ್ನೈಯ ದಕ್ಷಿಣಕ್ಕಿರುವ ವಂಡಲೂರಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿಯ ಕಾರ್ಖಾನೆಯಿತ್ತು. 1961ರಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ತಯಾರಿಸಲು ಆರಂಭಿಸಿದ ಈ ಕಂಪನಿ, ಬ್ರಿಟನ್ನಿನಲ್ಲಿ ಅಟ್ಲಾಸ್ ವ್ಯಾನಿನ ತಯಾರಿಕೆ ನಿಂತ ಮೇಲೆ ಅದರ ಅಚ್ಚು ಮತ್ತು ಉಪಕರಣಗಳನ್ನು ತರಿಸಿಕೊಂಡು ಸ್ಟ್ಯಾಂಡರ್ಡ್ 20 ಎಂಬ ಸಾಗಣೆ ಗಾಡಿಯನ್ನು ಮದ್ರಾಸಿನಲ್ಲಿಯೇ ಹೊರತಂದಿತು. 1985ರಲ್ಲಿ ಬಂದ ಸ್ಟ್ಯಾಂಡರ್ಡ್ 2000 ಕಾರು ಸೋತು, ಆ ದಶಕ ಮುಗಿಯುವಷ್ಟರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಗಾಡಿಗಳ ವಿದ್ಯುತ್ ಭಾಗಗಳದು ಬೇರೆ ಕಥೆ. 1961ರಲ್ಲೇ, ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಸಂಸ್ಥೆ ಮತ್ತು ಟಿವಿಎಸ್ ಸಮೂಹ ಸೇರಿ ಲ್ಯೂಕಾಸ್-ಟಿವಿಎಸ್ ಕಂಪನಿಯನ್ನು ಕಟ್ಟಿದವು. ಮದ್ರಾಸಿನ ಪಾಡಿಯಲ್ಲಿ ಅದರ ಕಾರ್ಖಾನೆ ತಲೆಯೆತ್ತಿತು. ದೇಶದ ಎಷ್ಟೋ ಕಾರು, ಜೀಪು, ಲಾರಿಗಳ ಡೈನಮೊ ಮತ್ತು ಸೆಲ್ಫ್ ಮೋಟಾರುಗಳು ಅಲ್ಲಿಂದ ಬಂದವು. ಹೀಗಾಗಿ ಲ್ಯೂಕಾಸ್ ಮಾದರಿಯ ಚಾರ್ಜಿಂಗ್ ವ್ಯವಸ್ಥೆಯನ್ನು ಅರಿತವರಿಗೆ ಆ ಕಾಲದ ಅರ್ಧ ಭಾರತದ ಗಾಡಿಗಳು ಅರ್ಥವಾಗುತ್ತವೆ. ಬ್ರಿಟಿಷ್ ಮೂಲದ ಹಗುರ ಗಾಡಿಗಳಲ್ಲಿ ಬಹಳ ಬಳಕೆಯಲ್ಲಿದ್ದುದು ಸಿ40 ಡೈನಮೊ ಮತ್ತು ಆರ್‌ಬಿ106 ಕಂಟ್ರೋಲ್ ಬಾಕ್ಸ್. ಇಲ್ಲಿ ಕೊಟ್ಟಿರುವ ಅಂಕಿಗಳು ಈ 12 ವೋಲ್ಟಿನ ಜೋಡಿಗೆ ಸೇರಿದವು.

ಡೈನಮೊದ ಒಳಗೆ ಎರಡು ಕ್ಷೇತ್ರ ಸುರುಳಿಗಳ ನಡುವೆ ಆರ್ಮೇಚರ್ ತಿರುಗುತ್ತದೆ. ಅದರಲ್ಲಿ ಹುಟ್ಟುವ ವಿದ್ಯುತ್ತನ್ನು ಕಮ್ಯುಟೇಟರ್ ಏಕಮುಖವಾಗಿಸಿ ಕಾರ್ಬನ್ ಬ್ರಷ್‌ಗಳಿಗೆ ಒಪ್ಪಿಸುತ್ತದೆ. ಕ್ಷೇತ್ರ ಸುರುಳಿಗೆ ಬೇಕಾದ ಕರೆಂಟೂ ಇದೇ ಡೈನಮೊದಿಂದಲೇ ಬರಬೇಕು. ಹಾಗಿದ್ದರೆ ಮೊದಲ ಕಿಡಿ ಎಲ್ಲಿಂದ? ಹಿಂದೊಮ್ಮೆ ಕಾಂತಗೊಂಡ ಕಬ್ಬಿಣದಲ್ಲಿ ಉಳಿದುಕೊಂಡ ತುಸು ಕಾಂತತ್ವದಿಂದ. ಆ ಸಣ್ಣ ಬಲದಿಂದ ಸಣ್ಣ ಕರೆಂಟ್ ಹುಟ್ಟಿ, ಅದು ಕಾಂತವನ್ನು ಬಲಪಡಿಸಿ, ಕಾಂತ ಮತ್ತೆ ಕರೆಂಟನ್ನು ಹೆಚ್ಚಿಸುತ್ತ ಹೋಗುತ್ತದೆ. ವರ್ನರ್ ಸೀಮೆನ್ಸ್ 1867ರ ಜನವರಿಯಲ್ಲಿ ಬರ್ಲಿನ್ನಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ ತತ್ವ ಇದೇ. ಒಂದೂವರೆ ಶತಮಾನ ಕಳೆದರೂ ಚೆನ್ನೈಯ ಪುದುಪೇಟೆಯ ಶೆಡ್ಡಿನಲ್ಲಿ ಡೈನಮೊ ಏಳುವುದು ಈ ತತ್ವದ ಮೇಲೆಯೇ.

ಡೈನಮೊಗೆ ತನ್ನನ್ನು ತಾನು ತಡೆಯುವ ಶಕ್ತಿಯಿಲ್ಲ. ವೇಗ ಹೆಚ್ಚಿದಂತೆ ವೋಲ್ಟೇಜ್ ಏರುತ್ತಲೇ ಹೋಗುತ್ತದೆ. ಆದ್ದರಿಂದ ಕಂಟ್ರೋಲ್ ಬಾಕ್ಸ್‌ನೊಳಗೆ ಎರಡು ಸಾಧನಗಳಿವೆ. ಒಂದು ರೆಗ್ಯುಲೇಟರ್: ವೋಲ್ಟೇಜ್ ಮಿತಿ ಮುಟ್ಟಿದೊಡನೆ ಅದರ ಪಾಯಿಂಟ್‌ಗಳು ತೆರೆದು ಕ್ಷೇತ್ರ ಸುರುಳಿಯ ದಾರಿಯಲ್ಲಿ ರೆಸಿಸ್ಟರನ್ನು ಸೇರಿಸುತ್ತವೆ, ಇಳಿದೊಡನೆ ಮುಚ್ಚುತ್ತವೆ, ಗಾಡಿ ಓಡುವಷ್ಟು ಹೊತ್ತೂ ಅವು ಹೀಗೆ ಕಂಪಿಸುತ್ತಲೇ ಇರುತ್ತವೆ. ಇನ್ನೊಂದು ಕಟ್‌ಔಟ್. ಬಾವಿಯ ಪಂಪಿಗೆ ಫುಟ್‌ವಾಲ್ವ್ ಇದ್ದಂತೆ ಡೈನಮೊಗೆ ಇದು: ಡೈನಮೊದ ವೋಲ್ಟೇಜ್ ಬ್ಯಾಟರಿಯದಕ್ಕಿಂತ ಮೇಲಿದ್ದಾಗ ಮಾತ್ರ ದಾರಿ ಬಿಟ್ಟು, ಎಂಜಿನ್ ನಿಂತಾಗ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುತ್ತದೆ. ಇದರ ಪಾಯಿಂಟ್‌ಗಳು 12.7ರಿಂದ 13.3 ವೋಲ್ಟಿನ ನಡುವೆ ಕೂಡಿಕೊಳ್ಳಬೇಕು; 11ಕ್ಕಿಂತ ಕೆಳಗೆ, 8.5ಕ್ಕೆ ಇಳಿಯುವ ಮುನ್ನ, ಬಿಟ್ಟುಕೊಳ್ಳಬೇಕು.

ದೋಷ ಹುಡುಕುವ ಮುನ್ನ ದೋಷ ಇದೆಯೇ ಎಂದು ಕೇಳಬೇಕು. ಸಿ40 ಡೈನಮೊ ಕೊಡಬಲ್ಲ ಗರಿಷ್ಠ ಕರೆಂಟ್ 22 ಆಂಪಿಯರ್, ಅದೂ ನಿಮಿಷಕ್ಕೆ ಸುಮಾರು 2,250 ಸುತ್ತಿನ ವೇಗದಲ್ಲಿ. ಸುಮಾರು 1,400 ಸುತ್ತಿಗಿಂತ ಕೆಳಗೆ ಅದು ಬ್ಯಾಟರಿಗೆ ಏನೂ ಕೊಡುವುದಿಲ್ಲ. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಡೈನಮೊ ಈ ವೇಗವನ್ನು ಮುಟ್ಟುವುದೇ ಇಲ್ಲ. ಈಗ ಕಾರ್ತಿಕದ ಮಳೆಗಾಲದ ಒಂದು ಸಂಜೆ ಅಣ್ಣಾ ಸಾಲೈಯಲ್ಲಿ ಸಿಗ್ನಲಿನಿಂದ ಸಿಗ್ನಲಿಗೆ ತೆವಳುವ ಪಿಕಪ್‌ನ ಲೆಕ್ಕ ಹಾಕಬಹುದು. 45 ವ್ಯಾಟಿನ ಎರಡು ಹೆಡ್‌ಲೈಟಿಗೆ ಏಳೂವರೆ ಆಂಪಿಯರ್, ಹಿಂದು-ಮುಂದಿನ ಸಣ್ಣ ದೀಪಗಳಿಗೆ ಎರಡು, ಇಗ್ನಿಷನ್‌ಗೆ ಮೂರು, ವೈಪರಿಗೆ ಎರಡು ಮೂರು. ಹದಿನೈದರ ಆಸುಪಾಸಿನ ಈ ಖರ್ಚು, ಗಾಡಿ ನಿಂತಾಗಲೆಲ್ಲ ಪೂರ್ತಿ ಬ್ಯಾಟರಿಯಿಂದಲೇ ಹೋಗುತ್ತದೆ. ಐವತ್ತರ ದಶಕದ ಖಾಲಿ ರಸ್ತೆಗಳಿಗಾಗಿ ರೂಪಿಸಿದ ವ್ಯವಸ್ಥೆಗೆ ಇಂದಿನ ಚೆನ್ನೈ ಸಂಚಾರದಲ್ಲಿ ತೂಗಿಸಲು ಆಗದಿದ್ದರೆ ಅದನ್ನು ಕೆಟ್ಟಿದೆ ಎನ್ನಲಾಗದು. ಐಡ್ಲಿಂಗಿನಲ್ಲಿ ದೀಪ ಮಂಕಾಗುವುದು, ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿನುಗುವುದು ಡೈನಮೊ ಗಾಡಿಯಲ್ಲಿ ಸಹಜ. ಅರ್ಧ ಗಂಟೆ ಬೈಪಾಸಿನಲ್ಲಿ ಓಡಿಸಿದರೂ ಬ್ಯಾಟರಿ ಏರದಿದ್ದರೆ ಮಾತ್ರ ಅದು ದೋಷ.

ಡ್ಯಾಶ್‌ಬೋರ್ಡಿನ ಕೆಂಪು ದೀಪವೇ ಮೊದಲ ಸಾಕ್ಷಿ. ಅದರ ಒಂದು ತುದಿ ಇಗ್ನಿಷನ್ ಸ್ವಿಚ್ಚಿನ ಕಡೆಗೆ, ಇನ್ನೊಂದು ಡೈನಮೊದ ಕರೆಂಟ್ ಹೊರಬರುವ 'ಡಿ' ತುದಿಗೆ ಸೇರಿದೆ. ಎರಡೂ ಕಡೆಯ ವೋಲ್ಟೇಜ್ ಸಮವಾದಾಗ ದೀಪ ಆರುತ್ತದೆ. ಇಗ್ನಿಷನ್ ಹಾಕಿದಾಗ ಹೊತ್ತಿ, ವೇಗ ಹೆಚ್ಚಿದರೂ ಆರದಿದ್ದರೆ ಡೈನಮೊ ಏನನ್ನೂ ಕೊಡುತ್ತಿಲ್ಲ, ಅಥವಾ ಕೊಟ್ಟದ್ದು ಕಂಟ್ರೋಲ್ ಬಾಕ್ಸ್ ಮುಟ್ಟುತ್ತಿಲ್ಲ. ವೇಗದಲ್ಲೂ ಮಂದವಾಗಿ ಉರಿಯುತ್ತಿದ್ದರೆ ಡೈನಮೊ ಕೆಲಸ ಮಾಡುತ್ತಿದೆ, ಆದರೆ ಕಟ್‌ಔಟ್ ಪಾಯಿಂಟಿನಲ್ಲಿಯೋ ಬ್ಯಾಟರಿಯ ದಾರಿಯ ಯಾವುದೋ ಜೋಡಣೆಯಲ್ಲಿಯೋ ತಡೆಯಿದೆ. ಮಂದ ಬೆಳಕು ಹೇಳುವ ಈ ವಿಷಯ ತುಂಬ ಬೆಲೆಯುಳ್ಳದ್ದು. ಅದನ್ನು ಗಮನಿಸಿದವರು ಡೈನಮೊ ಬಿಚ್ಚುವ ಗೋಜಿಗೆ ಹೋಗುವುದಿಲ್ಲ. ಇಗ್ನಿಷನ್ ಹಾಕಿದಾಗ ದೀಪ ಹೊತ್ತದೇ ಇದ್ದರೆ ಬಲ್ಬು ಸುಟ್ಟಿರಬಹುದು. ಆಲ್ಟರ್ನೇಟರ್ ಗಾಡಿಯಲ್ಲಿ ಈ ಬಲ್ಬಿನ ಮೂಲಕವೇ ಮೊದಲ ಕರೆಂಟ್ ಹೋಗುವುದರಿಂದ ಸುಟ್ಟ ಬಲ್ಬು ಚಾರ್ಜಿಂಗನ್ನೇ ನಿಲ್ಲಿಸಬಲ್ಲದು. ಡೈನಮೊಗೆ ಆ ಹಂಗಿಲ್ಲ.

ಪರೀಕ್ಷೆ ಬ್ಯಾಟರಿಯಿಂದ ಶುರುವಾಗಬೇಕು, ಏಕೆಂದರೆ ಸತ್ತ ಬ್ಯಾಟರಿ ಇಟ್ಟುಕೊಂಡು ಮಾಡಿದ ಮುಂದಿನ ಯಾವ ಅಳತೆಯೂ ನಂಬಿಕೆಗೆ ಬಾರದು. ಹೊರಗಿನ ಚಾರ್ಜರಿನಲ್ಲಿ ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ಅಳೆದರೆ 12.6 ವೋಲ್ಟ್ ಇರಬೇಕು, 12.2ರ ಆಸುಪಾಸಿದ್ದರೆ ಅರ್ಧ ಖಾಲಿ. ಆರು ಸೆಲ್‌ಗಳ ಮುಚ್ಚಳ ತೆರೆದು ಹೈಡ್ರೋಮೀಟರಿನಿಂದ ಆ್ಯಸಿಡ್ಡಿನ ಸಾಂದ್ರತೆ ನೋಡಿದರೆ ಇನ್ನೂ ಸ್ಪಷ್ಟ. ಇಲ್ಲಿ ಒಂದು ಬಲೆ ಇದೆ. ಲ್ಯೂಕಾಸ್‌ನ ಹಳೆಯ ಕೈಪಿಡಿಗಳು ತಂಪು ದೇಶಗಳಿಗೆ 1.270ರಿಂದ 1.290, ಬಿಸಿ ದೇಶಗಳಿಗೆ 1.210ರಿಂದ 1.230 ಎಂದು ಎರಡು ಬೇರೆ ಬೇರೆ ಅಂಕಿಗಳನ್ನು ಕೊಟ್ಟಿದ್ದವು. ಬಿಸಿಯಲ್ಲಿ ಗಟ್ಟಿ ಆ್ಯಸಿಡ್ ಪ್ಲೇಟುಗಳನ್ನು ಬೇಗ ತಿನ್ನುವುದರಿಂದ ಉಷ್ಣವಲಯಕ್ಕೆ ತೆಳುವಾದ ಆ್ಯಸಿಡ್ ತುಂಬುವ ರೂಢಿ ಬಂತು. ಇಂಗ್ಲೆಂಡಿನ ಅಂಕಿಯನ್ನಿಟ್ಟುಕೊಂಡು ಮದ್ರಾಸಿನ ಬ್ಯಾಟರಿ ಅಳೆದವರು ಗಟ್ಟಿಮುಟ್ಟಾದದ್ದನ್ನೂ ಗುಜರಿಗೆ ಹಾಕುತ್ತಾರೆ. ಇಂದಿನ ಬ್ಯಾಟರಿಗಳಿಗೆ ಅವುಗಳ ತಯಾರಕರು ಕೊಟ್ಟ ಅಂಕಿಯೇ ಪ್ರಮಾಣ. ಅಂಕಿ ಯಾವುದೇ ಇರಲಿ, ಐದು ಸೆಲ್ ಸಮವಾಗಿದ್ದು ಆರನೆಯದು ಮಾತ್ರ ಬಹಳ ಕೆಳಗಿದ್ದರೆ ಆ ಬ್ಯಾಟರಿ ಮುಗಿದಂತೆ.

ಬೆಲ್ಟಿಗೆ ಹೆಚ್ಚು ಮಾತು ಬೇಡ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಬಾಗಬೇಕು. ಅದಕ್ಕಿಂತ ಸಡಿಲವಾದರೆ ಭಾರ ಬಿದ್ದಾಗ ಜಾರುತ್ತದೆ. ವಿಪರೀತ ಬಿಗಿದರೆ ಡೈನಮೊದ ಬೇರಿಂಗ್ ಹೋಗುತ್ತದೆ. ಬೆಲ್ಟು ಪುಲ್ಲಿಯ ತಳಕ್ಕೆ ತಾಗಿ ಹೊಳೆಯುತ್ತಿದ್ದರೆ ಎಷ್ಟು ಬಿಗಿದರೂ ಹಿಡಿಯದು, ಬದಲಿಸಬೇಕು.

ಅರ್ಥ್ ವಿಷಯ ಹಾಗಲ್ಲ. ಈ ಗಾಡಿಗಳಲ್ಲಿ ಪ್ರತಿಯೊಂದು ದೀಪ ಮತ್ತು ಮೋಟಾರಿನ ಕರೆಂಟ್ ಹಿಂದಿರುಗುವ ದಾರಿ ಕಬ್ಬಿಣದ ಮೈಯೇ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಅದನ್ನು ಚಾಸಿಗೆ ಜೋಡಿಸುವುದು ಹೆಣೆದ ತಾಮ್ರದ ಒಂದು ಪಟ್ಟಿ. ಚೆನ್ನೈಯ ತೇವ ಮತ್ತು ಉಪ್ಪಿನಲ್ಲಿ ಈ ಪಟ್ಟಿಯ ಎಳೆಗಳು ಒಳಗೊಳಗೇ ಹಸಿರುಗಟ್ಟುತ್ತವೆ, ಬೋಲ್ಟಿನಡಿ ತುಕ್ಕು ಹರಡುತ್ತದೆ. ಕಣ್ಣಿಗೆ ಬಿಗಿಯಾಗಿ ಕಂಡ ಜೋಡಣೆ ಕರೆಂಟಿಗೆ ಗೋಡೆಯಾಗಿರುತ್ತದೆ. ಮೇಲಾಗಿ, ಹಳೆಯ ಗಾಡಿಯನ್ನು ಪ್ರೀತಿಯಿಂದ ಹೊಸದು ಮಾಡುವವರು ಚಾಸಿಗೆ ದಪ್ಪನೆಯ ಬಣ್ಣ ಬಳಿಸಿ, ಅದರ ಮೇಲೆಯೇ ಅರ್ಥ್ ಬೋಲ್ಟ್ ಬಿಗಿಯುತ್ತಾರೆ; ರೀಸ್ಟೋರೇಷನ್ ಮುಗಿದ ಮರುದಿನವೇ ಚಾರ್ಜಿಂಗ್ ದೋಷ ಹುಟ್ಟುವುದು ಹೀಗೆ. ಓಮ್ ಅಳೆದು ಇದನ್ನು ಕಂಡುಹಿಡಿಯುವುದು ಕಷ್ಟ. ಕರೆಂಟ್ ಹರಿಯುತ್ತಿರುವಾಗ ವೋಲ್ಟೇಜ್ ನಷ್ಟ ಅಳೆಯಬೇಕು. ಹೆಡ್‌ಲೈಟ್ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥ್ ತುದಿಯ ಸೀಸದ ಕಂಬಕ್ಕೂ ಇನ್ನೊಂದನ್ನು ದೀಪದ ಅರ್ಥ್ ತಂತಿ ಬಿಗಿದ ಜಾಗಕ್ಕೂ ಒತ್ತಿದಾಗ 0.2 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಎಂಜಿನ್ ಬ್ಲಾಕಿನ ಪಟ್ಟಿಯನ್ನು ಹೀಗೆಯೇ ಸೆಲ್ಫ್ ತಿರುಗುವಾಗ ಅಳೆಯಬೇಕು. ಅಲ್ಲಿ ಅರ್ಧ ವೋಲ್ಟ್ ಮಿತಿ. ಮೀರಿದರೆ ಕಡ್ಡಿಯನ್ನು ಒಂದೊಂದೇ ಜೋಡಣೆಗೆ ಹತ್ತಿರ ತರುತ್ತ ಹೋದಾಗ, ಎಲ್ಲಿ ಅಂಕಿ ಥಟ್ಟನೆ ಬದಲಾಗುತ್ತದೋ ಅಲ್ಲೇ ದೋಷ. ಬಿಚ್ಚಿ, ಲೋಹ ಹೊಳೆಯುವ ತನಕ ಉಜ್ಜಿ, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಬ್ರಿಟಿಷ್ ವಿನ್ಯಾಸದ ಬಹಳಷ್ಟು ಗಾಡಿಗಳಲ್ಲಿ ಅರವತ್ತರ ದಶಕದ ಮಧ್ಯದವರೆಗೆ ಬ್ಯಾಟರಿಯ ಪಾಸಿಟಿವ್ ತುದಿಯೇ ಅರ್ಥ್ ಆಗಿರುತ್ತಿತ್ತು. ಕಪ್ಪು ತಂತಿ ಎಂದರೆ ಅರ್ಥ್ ಎಂಬ ಇಂದಿನ ರೂಢಿಯನ್ನು ನಂಬಿ ಮುಟ್ಟುವ ಮೊದಲು ಬ್ಯಾಟರಿಯ ಯಾವ ತುದಿ ಚಾಸಿಗೆ ಹೋಗಿದೆ ಎಂದು ಕಣ್ಣಾರೆ ನೋಡಲೇಬೇಕು.

ಇಷ್ಟರಲ್ಲಿ ದೋಷ ಸಿಗದಿದ್ದರೆ ಡೈನಮೊದ ಸರದಿ. ಅದನ್ನು ಬಿಚ್ಚದೆ ಪರೀಕ್ಷಿಸುವ ವಿಧಾನ ಸರಳ, ಫಲ ಖಚಿತ. ಡೈನಮೊದ 'ಡಿ' ಮತ್ತು ಕ್ಷೇತ್ರ ಸುರುಳಿಯ 'ಎಫ್' ತುದಿಗಳಿಂದ ತಂತಿಗಳನ್ನು ಕಳಚಿ, ಆ ಎರಡು ತುದಿಗಳನ್ನು ಒಂದು ಸಣ್ಣ ತಂತಿಯಿಂದ ಒಂದಕ್ಕೊಂದು ಜೋಡಿಸಬೇಕು. ವೋಲ್ಟ್‌ಮೀಟರನ್ನು ಈ ಜೋಡಣೆ ಮತ್ತು ಡೈನಮೊದ ಮೈ ನಡುವೆ ಹಿಡಿದು, ಎಂಜಿನ್ ಸ್ಟಾರ್ಟ್ ಮಾಡಿ ನಿಧಾನವಾಗಿ ವೇಗ ಏರಿಸಬೇಕು. ಅಂಕಿ ತಡವರಿಸದೆ ಸರ್ರನೆ ಏರಿದರೆ ಡೈನಮೊ ಚೆನ್ನಾಗಿದೆ. ಈಗ ಅದನ್ನು ತಡೆಯುವ ರೆಗ್ಯುಲೇಟರ್ ಇಲ್ಲವಾದ್ದರಿಂದ 20 ವೋಲ್ಟ್ ದಾಟಲು ಬಿಡಬಾರದು. ಎಂಜಿನನ್ನು ರೇಸ್ ಮಾಡುವುದಂತೂ ಸಲ್ಲದು. ಏನೂ ತೋರಿಸದಿದ್ದರೆ ಕಾರ್ಬನ್ ಬ್ರಷ್ ನೋಡಬೇಕು. ಅರ್ಧದಿಂದ ಒಂದು ವೋಲ್ಟಿನಲ್ಲೇ ನಿಂತರೆ ಕ್ಷೇತ್ರ ಸುರುಳಿ ಹೋಗಿದೆ ಎಂದರ್ಥ, ಏಕೆಂದರೆ ಅಷ್ಟು ವೋಲ್ಟೇಜ್ ಉಳಿಕೆ ಕಾಂತತ್ವದ್ದು ಮಾತ್ರ. ನಾಲ್ಕೈದು ವೋಲ್ಟಿನಲ್ಲಿ ನಿಂತರೆ ಆರ್ಮೇಚರ್ ವೈಂಡಿಂಗ್ ಮೇಲೆ ಅನುಮಾನ. ಕ್ಷೇತ್ರ ಸುರುಳಿಯನ್ನು 'ಎಫ್' ತುದಿಯಿಂದ ಮೈಗೆ ಅಳೆದರೆ ಸಿ40ರಲ್ಲಿ ಸುಮಾರು 6 ಓಮ್ ಸಿಗಬೇಕು.

ಡೈನಮೊ ಏನೂ ಕೊಡದಿದ್ದಾಗ ಕಾರಣ ಸಾಮಾನ್ಯವಾಗಿ ಸವೆದ ಅಥವಾ ಗೂಡಿನಲ್ಲಿ ಸಿಕ್ಕಿಕೊಂಡ ಕಾರ್ಬನ್. 9/32 ಇಂಚಿಗಿಂತ, ಅಂದರೆ ಸುಮಾರು 7 ಮಿಲಿಮೀಟರಿಗಿಂತ, ಗಿಡ್ಡವಾದ ಕಾರ್ಬನ್ನನ್ನು ಬದಲಿಸಬೇಕು. ಕಮ್ಯುಟೇಟರ್ ಕಪ್ಪಾಗಿದ್ದರೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ತಾಮ್ರದ ಪಟ್ಟಿಗಳ ನಡುವಿನ ಅಭ್ರಕ ತಾಮ್ರದ ಮಟ್ಟಕ್ಕೆ ಬಂದಿದ್ದರೆ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಅದನ್ನು 1/32 ಇಂಚು ಆಳಕ್ಕೆ ಕೆರೆಯಬೇಕು. ಇಲ್ಲವಾದರೆ ಕಾರ್ಬನ್ ಹಾರಿ ಹಾರಿ ಕಿಡಿ ಕಾರುತ್ತದೆ. ಹಿಂಬದಿಯ ಬುಷ್‌ಗೆ ಎರಡು ಮೂರು ಹನಿ ಎಂಜಿನ್ ಆಯಿಲ್ ಬೇಕು, ಅದಕ್ಕಿಂತ ಹೆಚ್ಚು ಬಿಟ್ಟರೆ ಕಾರ್ಬನ್ನಿಗೆ ಹರಿದು ಅದೇ ಹೊಸ ದೋಷವಾಗುತ್ತದೆ. 2015ರ ಡಿಸೆಂಬರಿನ ಪ್ರವಾಹದಲ್ಲಿ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಚೆನ್ನೈಯ ಅಸಂಖ್ಯ ಗಾಡಿಗಳು ನೀರಿನಲ್ಲಿ ನಿಂತವು. ಹಾಗೆ ಮುಳುಗಿದ ಡೈನಮೊವನ್ನು ಒಣಗಿತೆಂದು ಹಾಗೆಯೇ ಓಡಿಸುವುದು ತಪ್ಪು. ಬಿಚ್ಚಿ, ಕೆಸರು ತೊಳೆದು, ಸುರುಳಿಗಳನ್ನು ಹದವಾದ ಶಾಖದಲ್ಲಿ ಪೂರ್ತಿ ಒಣಗಿಸಿದ ಮೇಲೆಯೇ ಕರೆಂಟ್ ಕೊಡಬೇಕು.

ಡೈನಮೊ ಸರಿಯಿದ್ದರೆ, ಜೋಡಿಸಿದ ಸಣ್ಣ ತಂತಿ ಕಳಚಿ, ಮೂಲ ತಂತಿಗಳನ್ನು ಸೇರಿಸಿ, ಅದೇ ವೋಲ್ಟೇಜ್ ಕಂಟ್ರೋಲ್ ಬಾಕ್ಸ್‌ನ 'ಡಿ' ತುದಿಗೆ ಬರುತ್ತಿದೆಯೇ ನೋಡಬೇಕು. ಬಾರದಿದ್ದರೆ ನಡುವಿನ ತಂತಿ ತುಂಡಾಗಿದೆ. ಬಂದರೆ ಬಾಕ್ಸ್‌ನ ಮುಚ್ಚಳ ತೆಗೆಯುವ ಹೊತ್ತು. ಮೆಕ್ಯಾನಿಕ್ಕುಗಳಲ್ಲಿ ಒಳಗಿನ ಸ್ಕ್ರೂವನ್ನು ಮೊದಲೇ ತಿರುಗಿಸಿಬಿಡುವ ಆತುರ ಬಹಳ. ಅದು ಎಲ್ಲಕ್ಕಿಂತ ಕೊನೆಯ ಕೆಲಸವಾಗಬೇಕು. ಮೊದಲು ಪಾಯಿಂಟ್‌ಗಳ ಶುಚಿ. ರೆಗ್ಯುಲೇಟರ್ ಪಾಯಿಂಟ್‌ಗಳಿಗೆ ನಯವಾದ ಕಾರ್ಬೊರಂಡಮ್ ಕಲ್ಲು ಆಗುತ್ತದೆ. ಕಟ್‌ಔಟ್ ಪಾಯಿಂಟ್‌ಗಳು ಮೆದುವಾದ್ದರಿಂದ ಅವುಗಳಿಗೆ ನಯವಾದ ಗ್ಲಾಸ್ ಪೇಪರ್ ಮಾತ್ರ, ಎಮೆರಿ ಎಂದಿಗೂ ಸಲ್ಲದು. ಬಳಿಕ ಸ್ಪಿರಿಟ್ಟಿನಲ್ಲಿ ಒರೆಸಬೇಕು.

ಆಮೇಲೆ ಸೆಟ್ಟಿಂಗ್ ಅಳೆಯುವುದು. ಬಾಕ್ಸ್‌ನ 'ಎ' ಮತ್ತು 'ಎ1' ತಂತಿಗಳನ್ನು ತೆಗೆದು ಅವುಗಳನ್ನು ಒಂದಕ್ಕೊಂದು ಸೇರಿಸಿದರೆ ಬ್ಯಾಟರಿಯ ಭಾರ ರೆಗ್ಯುಲೇಟರ್ ಮೇಲಿರುವುದಿಲ್ಲ, ಇಗ್ನಿಷನ್ ಮಾತ್ರ ನಡೆಯುತ್ತಿರುತ್ತದೆ. ವೇಗ ಏರಿಸಿದಾಗ 'ಡಿ' ಮತ್ತು ಅರ್ಥ್ ನಡುವಿನ ವೋಲ್ಟೇಜ್ ಸುಮಾರು 16ರ ಬಳಿ ಸ್ಥಿರವಾಗಬೇಕು. ಬಿಸಿ ಹೆಚ್ಚಿದಷ್ಟೂ ಈ ಅಂಕಿ ತುಸು ಇಳಿಯುವುದು ವಿನ್ಯಾಸದ ಭಾಗ. ಮೇ ತಿಂಗಳ ಚೆನ್ನೈ ಮಧ್ಯಾಹ್ನದಲ್ಲಿ ಇಂಗ್ಲೆಂಡಿನ ವಸಂತಕ್ಕೆ ಬರೆದ ಅಂಕಿಯನ್ನು ಹಠ ಹಿಡಿದು ಕೂಡಿಸಿದರೆ ಬ್ಯಾಟರಿ ಕುದಿಯುತ್ತದೆ. ಅಳತೆ ಅರ್ಧ ನಿಮಿಷದೊಳಗೆ ಮುಗಿಯಬೇಕು, ಇಲ್ಲವಾದರೆ ಸುರುಳಿ ಕಾದು ಓದು ತಪ್ಪುತ್ತದೆ.

ಚಾರ್ಜ್ ಕಡಿಮೆಯಾಗುವುದರಷ್ಟೇ ಕೆಟ್ಟದ್ದು ಅದು ಮಿತಿಮೀರುವುದು. ಬ್ಯಾಟರಿಗೆ ಮತ್ತೆ ಮತ್ತೆ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗುವುದು, ಬಲ್ಬುಗಳು ಸಾಲಾಗಿ ಸುಡುವುದು ಅದರ ಗುರುತು. ಇಲ್ಲಿಯೂ ಹೆಚ್ಚಾಗಿ ಅಪರಾಧಿ ಅರ್ಥ್: ಕಂಟ್ರೋಲ್ ಬಾಕ್ಸ್‌ನ 'ಇ' ತಂತಿ ಕಡಿದರೆ ವೋಲ್ಟೇಜ್ ಸುರುಳಿಗೆ ಕರೆಂಟ್ ಹರಿಯದೆ, ಪಾಯಿಂಟ್ ತೆರೆಯುವುದೇ ಇಲ್ಲ, ಡೈನಮೊ ಲಂಗುಲಗಾಮಿಲ್ಲದೆ ಓಡುತ್ತದೆ. ಇನ್ನೊಂದು ಅಪಾಯ ಕಟ್‌ಔಟ್ ಪಾಯಿಂಟ್ ಅಂಟಿಕೊಳ್ಳುವುದು. ಎಂಜಿನ್ ಆಫ್ ಮಾಡಿದ ಮೇಲೂ ಆಮೀಟರ್ ಮುಳ್ಳು ಡಿಸ್ಚಾರ್ಜ್ ಕಡೆಗೆ ಬಾಗಿದ್ದು, ಡೈನಮೊ ಬಿಸಿಯಾಗಿ ವಾರ್ನಿಷ್ ವಾಸನೆ ಬಂದರೆ ಆ ಕ್ಷಣವೇ ಬ್ಯಾಟರಿಯ ಅರ್ಥ್ ತಂತಿ ಕಳಚಬೇಕು. ತಡವಾದರೆ ಆರ್ಮೇಚರ್ ಸುಟ್ಟುಹೋಗುತ್ತದೆ.

ಬಿಡಿಭಾಗ ಬೇಕಾದವರಿಗೆ ಚೆನ್ನೈಯಲ್ಲಿ ಎರಡು ವಿಳಾಸಗಳಿವೆ. ಅಣ್ಣಾ ಸಾಲೈಗೆ ಹೊಂದಿಕೊಂಡ ಜನರಲ್ ಪ್ಯಾಟರ್ಸ್ ರಸ್ತೆ ಹೊಸ ಬಿಡಿಭಾಗಗಳ ಸಾಲು ಅಂಗಡಿಗಳದು, ಬೆಂಗಳೂರಿನ ಜೆ.ಸಿ. ರಸ್ತೆಯಂತೆ. ಎಳುಂಬೂರಿನ ಪಕ್ಕದ ಪುದುಪೇಟೆ ಹಳೆಯ ಗಾಡಿಗಳನ್ನು ಬಿಚ್ಚಿ ಮಾರುವ ಪೇಟೆ, ಶಿವಾಜಿನಗರದ ಗುಜರಿಯ ಹಾಗೆ. ಹಳೆಯ ಡೈನಮೊದ ವಿಷಯದಲ್ಲಿ ಹೊಸ ನಕಲು ಭಾಗಕ್ಕಿಂತ ಹಳೆಯ ಅಸಲಿ ಭಾಗವನ್ನು ಒಳ್ಳೆಯ ಕೈಯಿಂದ ರೀವೈಂಡ್ ಮಾಡಿಸುವುದು ಮೇಲು; ಅದರ ಕಬ್ಬಿಣ ಮತ್ತು ತಾಮ್ರ ಇನ್ನೊಂದು ಆಯಸ್ಸು ಬಾಳುತ್ತವೆ. ಕೊಳ್ಳುವ ಮುನ್ನ ಶಾಫ್ಟನ್ನು ಅಲುಗಾಡಿಸಿ ನೋಡಬೇಕು. ಬುಷ್ ಸವೆದಿದ್ದರೆ ಆರ್ಮೇಚರ್ ಕ್ಷೇತ್ರದ ಕಬ್ಬಿಣಕ್ಕೆ ಉಜ್ಜಿ ಗೆರೆ ಬಿದ್ದಿರುತ್ತದೆ, ಅಂಥದ್ದನ್ನು ಅಲ್ಲೇ ಬಿಡುವುದು ಒಳ್ಳೆಯದು. ದಿನವೂ ರಾತ್ರಿ ಸರಕು ಹೊರುವ ಗಾಡಿಯಾದರೆ ಆಲ್ಟರ್ನೇಟರ್ ಹಾಕಿಸುವುದು ನ್ಯಾಯವೇ, ಅದು ಐಡ್ಲಿಂಗಿನಲ್ಲೂ ಚಾರ್ಜ್ ಕೊಡುತ್ತದೆ. ಆದರೆ ಪಾಸಿಟಿವ್ ಅರ್ಥ್ ಗಾಡಿಗೆ ಸಾಮಾನ್ಯ ಆಲ್ಟರ್ನೇಟರನ್ನು ಹಾಗೆಯೇ ಕೂಡಿಸಿದರೆ ಅದರ ಡಯೋಡುಗಳು ಕ್ಷಣದಲ್ಲಿ ಸುಡುತ್ತವೆ. ಮೊದಲು ಗಾಡಿಯ ಅರ್ಥ್ ಬದಲಾಗಬೇಕು, ಹಳೆಯ ಕಂಟ್ರೋಲ್ ಬಾಕ್ಸನ್ನು ದಾರಿಯಿಂದ ತೆಗೆಯಬೇಕು, ಮುಖ್ಯ ತಂತಿ ದಪ್ಪದ್ದಾಗಬೇಕು. ಭಾನುವಾರಗಳಲ್ಲಿ ಮಾತ್ರ ಹೊರಗೆ ತೆಗೆಯುವ ಗಾಡಿಗೆ ಇದರ ಅಗತ್ಯವಿಲ್ಲ; ಶುಚಿಯಾದ ಅರ್ಥ್ ಮತ್ತು ಸರಿಯಾದ ಬೆಲ್ಟು ಇದ್ದರೆ ಡೈನಮೊ ತನ್ನ ಕೆಲಸ ಮಾಡುತ್ತದೆ.

ರೀವೈಂಡ್ ಆಗಿ ಬಂದ ಅಥವಾ ಬಹುಕಾಲ ಮೂಲೆಯಲ್ಲಿದ್ದ ಡೈನಮೊವನ್ನು ಕೂಡಿಸಿದ ಮೇಲೆ ಅದರ ಕಾಂತತ್ವವನ್ನು ಗಾಡಿಯ ಅರ್ಥ್‌ಗೆ ಹೊಂದಿಸಬೇಕು. 'ಎಫ್' ತುದಿಯ ತಂತಿ ಕಳಚಿಟ್ಟು, ಬ್ಯಾಟರಿಯ ಅರ್ಥ್ ಅಲ್ಲದ ತುದಿಯಿಂದ ಒಂದು ತಂತಿ ತಂದು ಡೈನಮೊದ 'ಎಫ್'ಗೆ ಎರಡು ಮೂರು ಬಾರಿ ಕ್ಷಣಕಾಲ ತಾಗಿಸಿದರೆ ಕೆಲಸ ಮುಗಿಯಿತು. ಇದನ್ನು ಮರೆತರೆ ಡೈನಮೊ ಏಳದಿರಬಹುದು, ಇಲ್ಲವೇ ಉಲ್ಟಾ ದಿಕ್ಕಿನಲ್ಲಿ ಎದ್ದು ಕಟ್‌ಔಟ್ ಪಾಯಿಂಟ್‌ಗಳನ್ನು ಸುಡಬಹುದು. ಎಲ್ಲ ತಂತಿಗಳನ್ನು ಸ್ವಸ್ಥಾನಕ್ಕೆ ಸೇರಿಸಿ, ಹೆಡ್‌ಲೈಟ್ ಹಾಕಿ, ಮಧ್ಯಮ ವೇಗದಲ್ಲಿ ಎಂಜಿನ್ ಓಡಿಸಿದಾಗ ಬ್ಯಾಟರಿಯ ತುದಿಗಳ ನಡುವೆ 13.5ರಿಂದ 14.5 ವೋಲ್ಟ್ ಸಿಗಬೇಕು. ದೀಪ ಆರಿಸಿ ಅರ್ಧ ಗಂಟೆ ಓಡಿಸಿದ ಮೇಲೆ ಆಮೀಟರ್ ಮುಳ್ಳು ಚಾರ್ಜ್ ಕಡೆಯಿಂದ ನಿಧಾನವಾಗಿ ಸೊನ್ನೆಯತ್ತ ಮರಳುತ್ತಿದ್ದರೆ ಬ್ಯಾಟರಿ ತುಂಬುತ್ತಿದೆ, ರೆಗ್ಯುಲೇಟರ್ ಹಿಡಿತದಲ್ಲಿದೆ.